ಯೋಗ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯಲ್ಲಿ ಬೆಳಿಗ್ಗೆ ಒಂದು ಕ್ಲಾಸು. ವಾರಕ್ಕೆ ಎರಡು ಸಲ ದೇವಿಮನೆ ಘಟ್ಟ ಇಳಿದು ಕುಮಟೆಯಲ್ಲಿ ಸಂಜೆಯದೊಂದು. ಎರಡೂ ಕಡೆ ಪ್ರಶ್ನೆಗಳು ಬರುವುದು ಕ್ಲಾಸು ಮುಗಿದು ಚಾಪೆ ಸುತ್ತುವಾಗ. ಮದುವೆ ಮನೆ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರೂ ಕೇಳುತ್ತಾರೆ, ಬಸ್ಸಿನಲ್ಲಿ ಸಿಕ್ಕವರೂ ಕೇಳುತ್ತಾರೆ, ಕೆಲವರು ಪತ್ರ ಬರೆಯುತ್ತಾರೆ. ಹೆಚ್ಚು ಸಲ ಬಂದವುಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆ ಆದಷ್ಟು ಅವರ ಮಾತಲ್ಲೇ ಇದೆ.

## ಮೊದಲ ಸಲ ಬರುವವರು ಕೇಳುವುದು

ಯೋಗ ಅಂದ್ರೆ ಆಸನ ಹಾಕೋದೇ ಅಲ್ವಾ?

ಅಲ್ಲ, ಆಸನ ಅದರೊಳಗಿನ ಒಂದು ತುಂಡು. ಪತಂಜಲಿಯ ಯೋಗಸೂತ್ರದಲ್ಲಿ 195 ಸೂತ್ರಗಳಿವೆ, ಕೆಲವು ಪಾಠಗಳಲ್ಲಿ 196. ಅಷ್ಟರಲ್ಲಿ ಆಸನದ ಬಗ್ಗೆ ಇರುವುದು ಮೂರೇ ಮೂರು. ಒಂದು ಆಸನದ ಹೆಸರೂ ಅಲ್ಲಿ ಬರುವುದಿಲ್ಲ. 'ಸ್ಥಿರಸುಖಮಾಸನಮ್' ಎನ್ನುತ್ತಾನೆ. ಅಲ್ಲಾಡದೆ, ಕಷ್ಟಪಡದೆ ಕೂರುವುದೇ ಆಸನ. ಅಷ್ಟು ಹೇಳಿ ಉಸಿರಿನ ಕಡೆ, ಆಮೇಲೆ ಮನಸ್ಸಿನ ಕಡೆ ಹೊರಟುಬಿಡುತ್ತಾನೆ.

ಯೋಗ ಎಂಬ ಮಾತು 'ಯುಜ್' ಧಾತುವಿನಿಂದ ಬಂದಿದೆ. ಕೂಡಿಸು, ಹೂಡು ಅಂತ ಅರ್ಥ. ಗದ್ದೆ ಹೂಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡು ಎತ್ತು ಎರಡು ಕಡೆ ಎಳೆದರೆ ಸಾಲು ಬರುವುದಿಲ್ಲ. ನಮ್ಮ ಮೈ ಜಗುಲಿಯಲ್ಲಿ ಕೂತಿರುತ್ತದೆ, ಮನಸ್ಸು ಸೊಸೈಟಿ ಸಾಲದ ಕಂತಿನಲ್ಲಿ ಇರುತ್ತದೆ. ಇವೆರಡನ್ನೂ ಒಂದು ನೊಗಕ್ಕೆ ತರುವ ಕೆಲಸ ಯೋಗ. ಸೂತ್ರಗಳಿಗೆ ಬರೆದ ವ್ಯಾಸಭಾಷ್ಯ ಮಾತ್ರ 'ಕೂಡಿಸು' ಎಂಬ ಅರ್ಥಕ್ಕೆ ಹೋಗದೆ, ಯೋಗ ಅಂದರೆ ಸಮಾಧಿ ಎಂದು ನೇರವಾಗಿ ಹೇಳುತ್ತದೆ. ಶುರು ಮಾಡುವವರಿಗೆ ನೊಗದ ಅರ್ಥವೇ ಸಾಕು.

ದಿನಾ ತೋಟದಲ್ಲಿ ಮೈಮುರಿದು ದುಡೀತೇವೆ. ನಮಗೆ ಮತ್ತೆ ಯೋಗ ಯಾಕೆ ಬೇಕು?

ಈ ಪ್ರಶ್ನೆ ನನಗೆ ತುಂಬ ಇಷ್ಟ, ಯಾಕೆಂದರೆ ಇದರಲ್ಲಿ ಅರ್ಧ ಸತ್ಯ ಇದೆ. ತೋಟಕ್ಕೆ ಇಳಿದು ಹತ್ತುವವರ ಎದೆಗುಂಡಿಗೆಗೆ ವ್ಯಾಯಾಮ ಸಾಕಷ್ಟು ಆಗುತ್ತದೆ. ಪೇಟೆಯವರು ದುಡ್ಡು ಕೊಟ್ಟು ಜಿಮ್ಮಿನಲ್ಲಿ ಮಾಡುವುದನ್ನು ನೀವು ದುಡ್ಡಿಲ್ಲದೆ ಮಾಡುತ್ತೀರಿ.

ಆದರೆ ದುಡಿಮೆ ಮೈಯನ್ನು ಒಂದೇ ಕಡೆ ಬಗ್ಗಿಸುತ್ತದೆ. ಅಡಿಕೆ ಸುಲಿಯುವ ದಿನಗಳನ್ನೇ ನೋಡಿ. ಮೆಟ್ಟುಗತ್ತಿ ಮುಂದೆ ಕೂತರೆ ಬೆನ್ನು ಬಿಲ್ಲು, ಕುತ್ತಿಗೆ ಕೆಳಗೆ, ಭುಜ ಎರಡೂ ಮುಂದೆ. ರಾತ್ರಿ ಊಟದ ಹೊತ್ತಿನವರೆಗೂ ಅದೇ ಭಂಗಿ, ಕೈಯಲ್ಲಿ ಅದೇ ಚಲನೆ. ಹಿಂದಕ್ಕೆ ಬಾಗುವ ಕೆಲಸ ಇಡೀ ದಿನದಲ್ಲಿ ಒಂದೂ ಇಲ್ಲ.

ಒಮ್ಮೆ ಒಂದು ಮನೆಯಲ್ಲಿ ಸುಲಿಯುವವರ ಪಕ್ಕ ಸುಮ್ನೆ ಕೂತಿದ್ದೆ. ವಯಸ್ಸಾದ ಅಮ್ಮ ಒಬ್ಬರು, ಕೈ ಚುರುಕು. ಅಡಿಕೆಯನ್ನು ಕತ್ತಿಗೆ ಒತ್ತುವಾಗ ಪ್ರತಿ ಸಲವೂ ಅವರು ಉಸಿರು ಕಟ್ಟುತ್ತಿದ್ದರು. ಸಿಪ್ಪೆ ಬಿಟ್ಟಮೇಲೆ ಒಂದಿಷ್ಟು ಬಿಡುವುದು, ಮತ್ತೆ ಕಟ್ಟುವುದು. ಸಾವಿರ ಅಡಿಕೆಗೆ ಸಾವಿರ ಸಲ. "ಅಮ್ಮ, ಒತ್ತುವಾಗ ಉಸಿರು ಬಿಡಿ ನೋಡುವಾ" ಅಂದೆ. ನಕ್ಕರು. ನಾಲ್ಕು ಅಡಿಕೆ ಹಾಗೆ ಸುಲಿದು, "ಹೌದಲ್ಲ, ಹೆಗಲು ಇಳೀತು" ಅಂದರು. ಅವರು ಇವತ್ತಿನವರೆಗೂ ಚಾಪೆ ಮೇಲೆ ಕೂತವರಲ್ಲ. ಆದರೂ ನನ್ನ ಲೆಕ್ಕದಲ್ಲಿ ಅವರ ಯೋಗ ಅಲ್ಲಿ ಶುರುವಾಯಿತು. ಮಾಡುವ ಕೆಲಸದಲ್ಲಿ ಉಸಿರು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಕಂಡುಹಿಡಿಯುವುದು, ನಾನು ಕಲಿಸುವುದು ಹೆಚ್ಚುಕಡಿಮೆ ಇಷ್ಟನ್ನೇ.

ಸುಲಿಯುವವರು ಗಂಟೆಗೊಮ್ಮೆ ಎದ್ದು, ಕೈ ಹಿಂದೆ ಕಟ್ಟಿ ಎದೆ ಬಿಚ್ಚಿ ಐದು ಉಸಿರು ನಿಂತುಕೊಳ್ಳಿ. ಮಲಗುವ ಮುಂಚೆ ಮೂರು ಸಲ ಭುಜಂಗಾಸನ, ಅಂದರೆ ಕವುಚಿ ಮಲಗಿ ಎದೆ ಎತ್ತುವುದು. ಅಷ್ಟು ಮಾಡಿದರೆ ಅಡ್ಡಿಲ್ಲ.

ನಾವು ಮೀನು ತಿನ್ನೋ ಜನ. ಯೋಗಕ್ಕೆ ಬಂದ್ರೆ ಬಂಗಡೆ ಬಿಡಬೇಕಾ?

ನನ್ನ ಕ್ಲಾಸಿಗೆ ಬರಲು ಏನನ್ನೂ ಬಿಡಬೇಕಾಗಿಲ್ಲ. ಶಾಸ್ತ್ರ ಏನು ಹೇಳುತ್ತದೆ ಅಂತ ಕೇಳಿದರೆ ಮುಚ್ಚಿಡುವುದಿಲ್ಲ. ಪತಂಜಲಿ ಹೇಳುವ ಯಮಗಳಲ್ಲಿ, ಅಂದರೆ ನಡತೆಯ ಕಟ್ಟುಪಾಡುಗಳಲ್ಲಿ, ಮೊದಲನೆಯದು ಅಹಿಂಸೆ. ಹದಿನೈದನೇ ಶತಮಾನದ ಹಠಯೋಗ ಪ್ರದೀಪಿಕೆ ಮೀನು, ಮಾಂಸ, ಮದ್ಯ ಬೇಡ ಎಂದು ಬಿಡಿಸಿ ಹೇಳುತ್ತದೆ.

ತಮಾಷೆ ಏನೆಂದರೆ ಅದೇ ಶ್ಲೋಕದಲ್ಲಿ ಮೊಸರು, ಮಜ್ಜಿಗೆ, ಹುರುಳಿ, ಇಂಗು, ಬೆಳ್ಳುಳ್ಳಿ, ಹುಳಿ, ಖಾರ, ಉಪ್ಪು ಎಲ್ಲ ಇದೆ. ಕರಾವಳಿಯವರಿಗೆ ಬಂಗಡೆ ಬಿಡಿ ಅಂತ ಉಪದೇಶ ಮಾಡುವ ಘಟ್ಟದ ಮೇಲಿನವರು ಮಜ್ಜಿಗೆ ಹಾಕಿದ ತಂಬುಳಿಯನ್ನೂ ಬಿಡಬೇಕಾಗುತ್ತದೆ. ಆ ಪುಸ್ತಕದ ಇನ್ನೊಂದು ಮಾತು ಇಬ್ಬರಿಗೂ ಉಪಯೋಗಕ್ಕೆ ಬರುತ್ತದೆ. ಹೊಟ್ಟೆಯ ಕಾಲು ಭಾಗ ಖಾಲಿ ಬಿಡಿ ಎನ್ನುತ್ತದೆ. ಮದುವೆ ಊಟದ ದಿನ ಅದು ನನ್ನಿಂದಲೂ ಆಗುವುದಿಲ್ಲ.

ಬೆಳಿಗ್ಗೇನೇ ಮಾಡಬೇಕಾ? ನನ್ನದು ಶಿಫ್ಟ್ ಕೆಲಸ.

ಕೈಗಾ ಕಡೆಯಿಂದ ಬರುವವರು, ಆಸ್ಪತ್ರೆ ಕೆಲಸದವರು, ಬಸ್ಸಿನವರು ಇದನ್ನು ಕೇಳುತ್ತಾರೆ. ಬೆಳಿಗ್ಗೆ ಒಳ್ಳೆಯದು ಅನ್ನುವುದು ಹೊಟ್ಟೆ ಖಾಲಿ, ಮನೆ ಸದ್ದಿಲ್ಲ ಅನ್ನುವ ಕಾರಣಕ್ಕೆ. ಆ ಎರಡು ಎಷ್ಟು ಹೊತ್ತಿಗೆ ಸಿಕ್ಕಿದರೂ ಅದೇ ನಿಮ್ಮ ಬೆಳಿಗ್ಗೆ. ಊಟವಾಗಿ ಮೂರ್ನಾಲ್ಕು ಗಂಟೆ ಕಳೆದಿರಬೇಕು. ಅರ್ಧ ಲೋಟ ಚಹಾ ಕುಡಿದರೆ ಏನೂ ಆಗುವುದಿಲ್ಲ. ಕವಳ ಹಾಕಿಕೊಂಡು ಮಾತ್ರ ಕೂರಬೇಡಿ, ಬಾಯಲ್ಲಿ ಅಡಿಕೆ ಇಟ್ಟು ಉಸಿರಾಟದ ಅಭ್ಯಾಸ ಅಪಾಯ.

ರಾತ್ರಿ ಪಾಳಿ ಮುಗಿಸಿ ಬಂದವರು ಸೂರ್ಯನಮಸ್ಕಾರಕ್ಕೆ ಹೋಗಬೇಡಿ. ಕಾಲನ್ನು ಗೋಡೆಗೆ ಏರಿಸಿ ಹತ್ತು ನಿಮಿಷ ಮಲಗಿ, ಆಮೇಲೆ ನಿದ್ದೆ ಮಾಡಿ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಭಾನುವಾರ ಮಾತ್ರ ಎರಡು ಗಂಟೆ ಮಾಡುವವರಿಗಿಂತ ದಿನಾ ಇಷ್ಟು ಮಾಡುವವರು ಬೇಗ ಮುಂದೆ ಹೋಗುತ್ತಾರೆ.

ಮಳೆಗಾಲದಲ್ಲಿ ಚಾಪೆಗೆಲ್ಲ ಬೂಷ್ಟು ಬರ್ತದೆ, ಎಂತ ಮಾಡೋದು?

ರಬ್ಬರ್ ಚಾಪೆ ಜೂನ್‌ನಲ್ಲಿ ಸುತ್ತಿಟ್ಟರೆ ಆಗಸ್ಟಿನಲ್ಲಿ ಅದರ ಮೇಲೆ ತೋಟ ಬೆಳೆದಿರುತ್ತದೆ. ಸುತ್ತಬೇಡಿ, ಹಗ್ಗದ ಮೇಲೆ ನೇತುಹಾಕಿ. ತಂಪು ನೆಲಕ್ಕೆ ಕೆಳಗೊಂದು ಹಳೇ ಕಂಬಳಿ, ಮೇಲೊಂದು ಹತ್ತಿ ಜಮಖಾನೆ. ನನ್ನ ಪ್ರಕಾರ ಇದು ಅಂಗಡಿ ಚಾಪೆಗಿಂತ ಚೊಲೋ. ಬೆವರಿದ ಮೈಯಲ್ಲಿ ಜಗುಲಿ ಗಾಳಿಗೆ ಕೂರಬೇಡಿ.

## ಚಾಪೆ ಹಾಸಿದ ಮೇಲೆ ಬರುವ ಪ್ರಶ್ನೆಗಳು

ನನ್ನ ಕೈ ಕಾಲ್ಬೆರಳಿಗೆ ಮುಟ್ಟೋದೇ ಇಲ್ಲ. ನಂಗೆ ಯೋಗ ಆಗೋದಿಲ್ವಾ?

ಬೆರಳು ಮುಟ್ಟಿದವರಿಗೆ ಬಹುಮಾನ ಏನೂ ಇಲ್ಲ. ತೊಡೆಯ ಹಿಂದಿನ ಸ್ನಾಯು ಬಿಗಿ ಇದ್ದರೆ ಸೊಂಟದಿಂದ ಬಾಗಲು ಆಗುವುದಿಲ್ಲ, ಆಗ ಬೆನ್ನನ್ನು ಗೂನು ಮಾಡಿ ಕೈ ಚಾಚುತ್ತೀರಿ. ಬೆನ್ನುಮೂಳೆಗಳ ನಡುವಿನ ಡಿಸ್ಕಿಗೆ ಅದು ಹೊರೆ. ಮಂಡಿಯನ್ನು ಸ್ವಲ್ಪ ಮಡಚಿ, ಹೊಟ್ಟೆ ತೊಡೆಗೆ ತಾಗುವ ಹಾಗೆ ಬಾಗಿ. ಕೈ ಎಲ್ಲಿಗೆ ಬಂತೋ ಅಲ್ಲಿ ಬರಲಿ. ಉಸಿರು ಸಲೀಸಾಗಿ ಓಡಾಡುವಷ್ಟು ದೂರ ನಿಮ್ಮ ಆಸನ, ಅದರಾಚೆಗೆ ಬರೀ ಹಠ.

ವಜ್ರಾಸನದಲ್ಲಿ ಕೂತ್ರೆ ಮಂಡಿ ಜೀವ ಹೋಗ್ತದೆ.

ಹಾಗಾದರೆ ಕೂರಬೇಡಿ. ನಮ್ಮ ಅಜ್ಜ ಅಜ್ಜಿಯರು ಮಣೆ ಮೇಲೆ ಕೂತು ಉಂಡವರು, ಕುಕ್ಕರಗಾಲಲ್ಲಿ ಒಲೆ ಊದಿದವರು. ನಮ್ಮದು ಡೈನಿಂಗ್ ಟೇಬಲ್ಲು, ಕಮೋಡು. ಸೊಂಟದ ಕೀಲು ತಿರುಗುವುದನ್ನು ಮರೆತಿರುತ್ತದೆ. ಅದು ತಿರುಗದಿದ್ದಾಗ ಪದ್ಮಾಸನ ಹಾಕಿದರೆ ತಿರುಚು ಪೂರ್ತಿ ಮಂಡಿಗೆ ಬೀಳುತ್ತದೆ, ಮಂಡಿ ತಿರುಗಲು ಹುಟ್ಟಿದ ಕೀಲು ಅಲ್ಲ. ದಪ್ಪ ದಿಂಬಿನ ಮೇಲೆ ಸುಖಾಸನ ಹಾಕಿ. ಅದೂ ಆಗದಿದ್ದರೆ ಕುರ್ಚಿ. ಕುರ್ಚಿಯಲ್ಲಿ ಕೂತು ಮಾಡಿದ ಪ್ರಾಣಾಯಾಮಕ್ಕೆ ಪುಣ್ಯ ಕಡಿಮೆ ಬರುವುದಿಲ್ಲ.

ಮನಸ್ಸು ಶಾಂತ ಆಗ್ತದೆ ಅಂತಾರಲ್ಲ, ಅದು ಹೇಗೆ? ನಂಬಿಕೆನಾ, ನಿಜನಾ?

ನಂಬಬೇಡಿ, ಈಗಲೇ ನೋಡಿ. ಎಡಗೈ ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡಕ್ಕೆ ಬಲಗೈಯ ಮೂರು ಬೆರಳಿಟ್ಟು ನಾಡಿ ಹುಡುಕಿ. ಸಿಕ್ಕಿತಾ? ಈಗ ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ತೆಗೆದುಕೊಳ್ಳಿ, ಆರು ಎಣಿಸುವಷ್ಟು ಹೊತ್ತು ಬಿಡಿ. ತೆಗೆದುಕೊಳ್ಳುವಾಗ ನಾಡಿ ಸ್ವಲ್ಪ ಓಡುತ್ತದೆ, ಬಿಡುವಾಗ ನಿಧಾನ ಆಗುತ್ತದೆ. ವಯಸ್ಸಾದವರಲ್ಲಿ ವ್ಯತ್ಯಾಸ ಸಣ್ಣದು, ಮಕ್ಕಳ ಕೈ ಹಿಡಿದರೆ ಚೆನ್ನಾಗಿ ಗೊತ್ತಾಗುತ್ತದೆ.

ಮಿದುಳಿನಿಂದ ಹೃದಯಕ್ಕೆ, ಹೊಟ್ಟೆಗೆ ಇಳಿಯುವ ವೇಗಸ್ ಎಂಬ ನರ ಈ ಕೆಲಸ ಮಾಡುತ್ತದೆ. ಉಸಿರು ಬಿಡುವಾಗ ಅದು ಹೃದಯದ ಲಗಾಮು ಎಳೆಯುತ್ತದೆ. ಹೃದಯಕ್ಕೆ 'ನಿಧಾನ' ಅಂತ ಹೇಳಿದರೆ ಅದು ಕೇಳುವುದಿಲ್ಲ, ಆದರೆ ಉಸಿರು ನಮ್ಮ ಮಾತು ಕೇಳುತ್ತದೆ. ಸಾಮಾನ್ಯವಾಗಿ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ನಾಲ್ಕು-ಆರರ ಲೆಕ್ಕದಲ್ಲಿ ಅದು 6ಕ್ಕೆ ಇಳಿಯುತ್ತದೆ. ಐದು ನಿಮಿಷ ಹಾಗೆ ಮಾಡಿದರೆ ಹೆಚ್ಚಿನವರ ಭುಜ ತಾನಾಗಿ ಕೆಳಗೆ ಬರುತ್ತದೆ. ಸಾಲ ಹಾಗೇ ಇರುತ್ತದೆ, ಅಡಿಕೆ ದರವೂ ಹಾಗೇ ಇರುತ್ತದೆ. ಅದರ ಬಗ್ಗೆ ಯೋಚನೆ ಮಾಡುವ ತಲೆ ಮಾತ್ರ ಸ್ವಲ್ಪ ತಣ್ಣಗಿರುತ್ತದೆ.

ಯೋಗ ಶುರು ಮಾಡಿದೀನಿ. ಬಿಪಿ, ಶುಗರ್ ಮಾತ್ರೆ ಬಿಡಬಹುದಾ?

ಬಿಡಬೇಡಿ. ನೀವಾಗಿ ಅಂತೂ ಬಿಡಲೇಬೇಡಿ. ದಿನಾ ಮಾಡಿದರೆ ರಕ್ತದೊತ್ತಡ ಸ್ವಲ್ಪ ಇಳಿಯುತ್ತದೆ, ಸಕ್ಕರೆ ಹತೋಟಿಗೆ ಸಹಾಯ ಆಗುತ್ತದೆ, ಹಳೇ ಸೊಂಟನೋವಿಗೆ ಗುಣ ಕಾಣುತ್ತದೆ. 2017ರಲ್ಲಿ ಅಮೆರಿಕದ ವೈದ್ಯರ ಸಂಘವೊಂದು ಹಳೇ ಸೊಂಟನೋವಿಗೆ ಮೊದಲು ಮಾತ್ರೆಗೆ ಹೋಗದೆ ಪ್ರಯತ್ನಿಸಬೇಕಾದವುಗಳ ಪಟ್ಟಿಯಲ್ಲಿ ಯೋಗವನ್ನೂ ಸೇರಿಸಿತು. ಇವೆಲ್ಲ ಔಷಧದ ಜೊತೆಗೆ ನಡೆಯುವ ಕೆಲಸ. ಮಾತ್ರೆ ಕಡಿಮೆ ಮಾಡುವ ಮಾತು ಡಾಕ್ಟರ ಬಾಯಿಂದ ಬರಲಿ.

ಕೆಲವು ಎಚ್ಚರಿಕೆ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಂಡು ಪೂರ್ತಿ ಖಾಲಿ ಹೊಟ್ಟೆಯಲ್ಲಿ ಗಂಟೆಗಟ್ಟಲೆ ಆಸನ ಹಾಕಿದರೆ ಸಕ್ಕರೆ ತೀರಾ ಇಳಿದು ತಲೆಸುತ್ತು ಬರಬಹುದು, ಒಂದು ಬೆಲ್ಲದ ತುಂಡು ಕಿಸೆಯಲ್ಲಿರಲಿ. ಬಿಪಿ ಜಾಸ್ತಿ ಇರುವವರು ಉಸಿರು ಹಿಡಿದಿಡುವುದು, ಜೋರಾಗಿ ಉಸಿರು ಹೊಡೆಯುವ ಭಸ್ತ್ರಿಕಾ, ಕಪಾಲಭಾತಿ, ತಲೆ ಕೆಳಗಾಗುವ ಆಸನ ಬಿಡಿ. ಗ್ಲುಕೋಮಾ ಇರುವವರಿಗೂ ತಲೆ ಕೆಳಗೆ ಬೇಡ, ಕಣ್ಣಿನೊಳಗಿನ ಒತ್ತಡ ಏರುತ್ತದೆ.

ತೂಕ ಇಳೀತದಾ?

ಬರೀ ಆಸನದಿಂದ ಅಷ್ಟಾಗಿ ಇಲ್ಲ. ಎಷ್ಟು ಹಸಿವಾಗಿದೆ, ಎಷ್ಟು ಬೇಜಾರಿಗೆ ತಿನ್ನುತ್ತಿದ್ದೇನೆ ಅಂತ ಗೊತ್ತಾಗಲು ಶುರುವಾಗುತ್ತದೆ. ತೂಕ ಇಳಿದರೆ ಆ ದಾರಿಯಲ್ಲಿ ಇಳಿಯುತ್ತದೆ. ಜೊತೆಗೆ ಬಿರುಸಾಗಿ ನಡೆಯಿರಿ.

ಮುಟ್ಟಿನ ದಿನ ಮಾಡಬಹುದಾ? ಬಸುರಿಯಾದಾಗ?

ಮುಟ್ಟಿನ ದಿನ ಮೈಗೆ ಹಿತ ಎನಿಸಿದರೆ ಮಾಡಿ, ಬೇಡ ಎನಿಸಿದರೆ ಮಲಗಿ. ಅನೇಕರಿಗೆ ಬದ್ಧಕೋನಾಸನ, ಬಾಲಾಸನ ಹೊಟ್ಟೆನೋವಿಗೆ ಆರಾಮ ಕೊಡುತ್ತವೆ. ತಲೆಕೆಳಗಿನ ಆಸನ ಆ ದಿನಗಳಲ್ಲಿ ಬೇಡ ಅನ್ನುವುದು ಹಳೇ ಪದ್ಧತಿ, ನಾನೂ ಹಾಗೇ ಕಲಿಸುತ್ತೇನೆ. ಮೈಲಿಗೆ ಅನ್ನುವ ಮಾತು ನನ್ನ ಕ್ಲಾಸಿನಲ್ಲಿ ಇಲ್ಲ.

ಬಸುರಿಯರು ಮೊದಲು ಡಾಕ್ಟರನ್ನು ಕೇಳಿ, ಆಮೇಲೆ ಬಸುರಿಯರಿಗೆ ಕಲಿಸಿ ಅಭ್ಯಾಸ ಇರುವವರ ಹತ್ತಿರ ಹೋಗಿ. ಕವುಚಿ ಮಲಗುವುದು, ಹೊಟ್ಟೆ ಹಿಂಡುವ ತಿರುಚು, ಕಪಾಲಭಾತಿ, ಉಸಿರು ಕಟ್ಟುವುದು ಬೇಡವೇ ಬೇಡ. ತಿಂಗಳು ತುಂಬುತ್ತಾ ಬಂದ ಹಾಗೆ ಅಂಗಾತ ಜಾಸ್ತಿ ಹೊತ್ತು ಮಲಗದೆ ಎಡಮಗ್ಗುಲಿಗೆ ಶವಾಸನ ಮಾಡಿ.

ಮೂಗು ಕಟ್ಟುತ್ತದೆ, ಬಾವಿ ನೀರಲ್ಲಿ ಜಲನೇತಿ ಮಾಡಲಾ?

ನೇತಿ ಅಂದರೆ ಉಪ್ಪು ನೀರಲ್ಲಿ ಮೂಗು ತೊಳೆಯುವುದು. ಮಾಡಿ, ಬಾವಿಯಿಂದ ಎತ್ತಿದ ನೀರಲ್ಲಿ ಬೇಡ. ಎಷ್ಟೇ ತಿಳಿ ಇದ್ದರೂ ಬೇಡ, ಹೊಳೆ ನೀರಂತೂ ಬೇಡವೇ ಬೇಡ. ಕುಡಿದರೆ ತೊಂದರೆ ಮಾಡದ ನೇಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಹೋದರೆ ಮಿದುಳಿಗೆ ಹತ್ತುತ್ತದೆ. ಅಪರೂಪ, ಆದರೆ ಹತ್ತಿದರೆ ಉಳಿಯುವವರು ಕಡಿಮೆ. ಪಕ್ಕದ ಕೇರಳದಲ್ಲಿ ಇಂಥ ಮಿದುಳು ಜ್ವರದ ಪ್ರಕರಣಗಳು ಆಗಿವೆ. ನೀರನ್ನು ಕೊತಕೊತ ಕುದಿಸಿ, ಉಗುರುಬೆಚ್ಚಗೆ ಆರಿಸಿ. ಅರ್ಧ ಲೀಟರಿಗೆ 4.5 ಗ್ರಾಂ ಉಪ್ಪು, ಅಂದರೆ ಸಣ್ಣ ಚಮಚ ತಲೆ ಸವರಿ ಅದಕ್ಕಿಂತ ಸ್ವಲ್ಪ ಕಡಿಮೆ. ಉಪ್ಪು ಸರಿಯಿದ್ದರೆ ಮೂಗು ಉರಿಯುವುದಿಲ್ಲ. ಮುಗಿದ ಮೇಲೆ ಬಗ್ಗಿ ನೀರು ಪೂರ್ತಿ ಇಳಿಸಿ.

ಶೀರ್ಷಾಸನ ಯಾವಾಗ ಕಲಿಸ್ತೀರಿ?

ಕೇಳುವುದು ನಿಲ್ಲಿಸಿದ ಮೇಲೆ ಅಂತ ಹೇಳುತ್ತೇನೆ. ನನ್ನದೇ ಕಥೆ ಇದೆ. ನೆಂಟರ ಮನೆ ಜಗುಲಿಯಲ್ಲಿ, ನಾಲ್ಕು ಜನ ನೋಡುತ್ತಿದ್ದಾರೆ ಅಂತ, ಮೈ ಬಿಸಿ ಮಾಡದೆ ತಲೆ ಕೆಳಗೆ ನಿಂತೆ. ಯಾರೋ "ಭಾರಿ ಆತು ಮಾರಾಯ" ಅಂದರು. ಆ ಕಡೆ ನೋಡಲು ಕುತ್ತಿಗೆ ತಿರುಗಿಸಿದೆ. ಮೂರು ವಾರ ಬೈಕ್ ಹಿಂದೆ ತೆಗೆಯಬೇಕಾದರೆ ಇಡೀ ಮೈ ತಿರುಗಿಸಬೇಕಿತ್ತು. ಕುತ್ತಿಗೆ ತಲೆಯನ್ನು ಹೊರಲು ಇರುವುದು, ಮೈಯನ್ನು ಹೊರಲು ಅಲ್ಲ. ಭುಜ, ಮುಂಗೈ ಗಟ್ಟಿಯಾಗುವವರೆಗೆ ಗೋಡೆಗೆ ಕಾಲು ಕೊಟ್ಟು ವಿಪರೀತಕರಣಿ ಮಾಡಿ.

## ಒಂದಿಷ್ಟು ವರ್ಷ ಮಾಡಿದವರು ಕೇಳುವುದು

ಗೋಕರ್ಣದ ಕುಡ್ಲೆ ಬೀಚಿನಲ್ಲಿ ವಿದೇಶದವರು ಕಲೀತಾರಲ್ಲ, ಅದು ಬೇರೆ ಯೋಗವಾ?

ಅದು ಹೊರಗಿನದು ಅಂತ ಅನ್ನಿಸುತ್ತದೆ, ಆದರೆ ಬಹಳಷ್ಟು ಹೊರಟಿದ್ದೇ ಕನ್ನಡನಾಡಿನಿಂದ. ಚಿತ್ರದುರ್ಗದ ಕಡೆ 1888ರಲ್ಲಿ ಹುಟ್ಟಿದ ಟಿ. ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ ಶಿಷ್ಯರು ಕೋಲಾರ ಕಡೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಹಾಸನ ಕಡೆಯ ಕೌಶಿಕದ ಪಟ್ಟಾಭಿ ಜೋಯಿಸ್. ಅಯ್ಯಂಗಾರರಿಗೆ 1952ರಲ್ಲಿ ಪಿಟೀಲುವಾದಕ ಯೆಹೂದಿ ಮೆನುಹಿನ್ ಪರಿಚಯವಾದರು. ಅಲ್ಲಿಂದ ಅವರ ಪದ್ಧತಿ ಯುರೋಪಿಗೆ ಹೋಯಿತು. ಕುಡ್ಲೆಯಲ್ಲಿ ಬೆಲ್ಟು, ಮರದ ಇಟ್ಟಿಗೆ ಹಿಡಿದು ತ್ರಿಕೋಣಾಸನ ಮಾಡುವವರನ್ನು ಕಂಡರೆ ಅದು ಬೆಳ್ಳೂರಿನಿಂದ ಹೊರಟು ಲಂಡನ್ ಸುತ್ತಿ ಮನೆಗೆ ಬಂದ ವಿದ್ಯೆ.

ಹೊಸತೇನೂ ಸೇರಿಲ್ಲ ಅಂತಲ್ಲ. ಸೂರ್ಯನಮಸ್ಕಾರವನ್ನೇ ನೋಡಿ. ಹನ್ನೆರಡು ಭಂಗಿಗಳ ಆ ಸರಣಿ ಪತಂಜಲಿಯಲ್ಲೂ ಇಲ್ಲ, ಹಠಯೋಗ ಪ್ರದೀಪಿಕೆಯಲ್ಲೂ ಇಲ್ಲ. ವ್ಯಾಯಾಮವಾಗಿ ಅದನ್ನು ಮನೆಮನೆಗೆ ಮುಟ್ಟಿಸಿದವರು ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಈಗಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಸಂಸ್ಥಾನದ ರಾಜರು. ಹಳೆಯದಲ್ಲ ಅಂತ ಬೆಲೆ ಕಡಿಮೆಯಾಗುವುದಿಲ್ಲ.

ನಮ್ಮ ಮನೆಯಲ್ಲಿ ಇದು ನಮ್ಮ ಧರ್ಮದ್ದಲ್ಲ ಅಂತಾರೆ. ಬರಬಹುದಾ?

ಭಟ್ಕಳದಿಂದ, ಕಾರವಾರದಿಂದ ಈ ಪ್ರಶ್ನೆ ಬಂದಿದೆ. ಯೋಗದ ಬೇರು ಈ ನೆಲದ ಚಿಂತನೆಯಲ್ಲಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದು ಒಂದೇ ಮತದ ಸೊತ್ತಾಗಿ ಬೆಳೆದದ್ದಲ್ಲ. ಪತಂಜಲಿಯ ಐದು ಯಮಗಳು, ಅಂದರೆ ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ, ಜೈನರ ಐದು ಮಹಾವ್ರತಗಳೂ ಹೌದು. ಬೌದ್ಧರಲ್ಲಿ ಧ್ಯಾನದ್ದೇ ದೊಡ್ಡ ಪರಂಪರೆ ಇದೆ.

ನನ್ನ ಕ್ಲಾಸಿನಲ್ಲಿ ಓಂಕಾರ ಹೇಳುವವರು ಹೇಳುತ್ತಾರೆ, ಉಳಿದವರು ಸುಮ್ನೆ ಉಸಿರು ಎಣಿಸುತ್ತಾರೆ. ಮೊಣಕಾಲಿನ ಸ್ನಾಯುವಿಗೆ ಜಾತಕ ಬೇಕಾಗಿಲ್ಲ. ಬರುವುದೋ ಬಿಡುವುದೋ ನಿಮ್ಮ ತೀರ್ಮಾನ, ಒತ್ತಾಯ ಮಾಡುವವರ ಹತ್ತಿರ ಯಾರೂ ಹೋಗಬೇಡಿ.

ಚಿತ್ತವೃತ್ತಿ ನಿರೋಧ ಅಂದ್ರೆ ತಲೆ ಖಾಲಿ ಮಾಡ್ಕೊಳ್ಳೋದಾ?

ಯೋಗ ಅಂದರೆ ಚಿತ್ತವೃತ್ತಿಗಳ ನಿರೋಧ ಅನ್ನುವುದು ಪತಂಜಲಿಯ ಎರಡನೇ ಸೂತ್ರ. ಖಾಲಿ ಮಾಡಲು ಹೊರಟವರು ಇನ್ನಷ್ಟು ತುಂಬಿಕೊಂಡು ಬರುತ್ತಾರೆ. ವೃತ್ತಿ ಅಂದರೆ ಮನಸ್ಸಿನ ಓಡಾಟ. ಪತಂಜಲಿ ಅದನ್ನು ಐದಾಗಿ ವಿಂಗಡಿಸುತ್ತಾನೆ: ಸರಿಯಾದ ತಿಳಿವು, ತಪ್ಪು ತಿಳಿವು, ಬರೀ ಮಾತಿನಿಂದ ಹುಟ್ಟಿದ ಕಲ್ಪನೆ, ನಿದ್ದೆ, ನೆನಪು.

ರಾತ್ರಿ ಮನೆ ಹಿಂದಿನ ತೋಟದಲ್ಲಿ ದಬ್ ಅಂತ ಸದ್ದಾಯಿತು ಅಂದುಕೊಳ್ಳಿ. 'ಹಂದಿ ಬಂತು' ಅಂತ ಎದೆ ಹೊಡೆದುಕೊಳ್ಳುತ್ತದೆ. ಇದು ತಪ್ಪು ತಿಳಿವು. ಹೋದ ವರ್ಷ ಹಂದಿ ಸಸಿ ಕಿತ್ತದ್ದು ನೆನಪಾಗುತ್ತದೆ. 'ಈ ಸಲವೂ ಹೋಯಿತು, ಇನ್ನು ತೋಟ ಮಾರುವುದೇ' ಅನ್ನುವಲ್ಲಿಗೆ ಕಲ್ಪನೆ ಮುಟ್ಟಿರುತ್ತದೆ. ಟಾರ್ಚ್ ಹಾಕಿ ನೋಡಿದರೆ ಬಿದ್ದದ್ದು ಅಡಿಕೆ ಹಾಳೆ. ಸದ್ದಾಗಿ ಅರ್ಧ ನಿಮಿಷ ಆಗಿರಲಿಲ್ಲ, ಅಷ್ಟರಲ್ಲಿ ತೋಟ ಮಾರಿಯಾಗಿತ್ತು.

ನಿರೋಧ ಅಂದರೆ ಸದ್ದು ಕೇಳದ ಹಾಗೆ ಕಿವಿ ಮುಚ್ಚುವುದಲ್ಲ. ಸದ್ದು ಕೇಳಿತು, ಎದೆ ಹೊಡೆದುಕೊಂಡಿತು, ಕಥೆ ಶುರುವಾಯಿತು ಅಂತ ನೋಡುವವನು ಒಬ್ಬ ಒಳಗೆ ಇರುತ್ತಾನೆ. ಆ ಓಡಾಟ ಇಳಿದಾಗ ನೋಡುವವನು ತನ್ನ ಸ್ವರೂಪದಲ್ಲಿ ನಿಲ್ಲುತ್ತಾನೆ ಅಂತ ಮುಂದಿನ ಸೂತ್ರ ಹೇಳುತ್ತದೆ. ಇದಕ್ಕೆ ಪತಂಜಲಿ ಎರಡು ಸಾಧನ ಕೊಡುತ್ತಾನೆ, ಅಭ್ಯಾಸ ಮತ್ತು ವೈರಾಗ್ಯ. ವೈರಾಗ್ಯ ಅಂದರೆ ಮನೆ ಬಿಟ್ಟು ಹೋಗುವುದು ಅಂತ ಜನ ಹೆದರುತ್ತಾರೆ. ನನಗೆ ಅದು, ಹಂದಿಯ ಕಥೆ ಶುರುವಾದಾಗ ಎರಡನೇ ಸಾಲಿಗೆ ಹೋಗದಿರುವುದು.

ಯಮ ನಿಯಮ ಎಲ್ಲ ಮುಗಿಸಿಯೇ ಆಸನಕ್ಕೆ ಬರಬೇಕಾ?

ಹಾಗಾದರೆ ಯಾರೂ ಬರುತ್ತಿರಲಿಲ್ಲ, ಕಲಿಸುವವರೂ ಸಿಗುತ್ತಿರಲಿಲ್ಲ. ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣೆ, ಧ್ಯಾನ, ಸಮಾಧಿ ಇವನ್ನು ಪತಂಜಲಿ ಅಂಗ ಎಂದಿದ್ದಾನೆ, ಮೆಟ್ಟಿಲು ಎಂದಿಲ್ಲ. ಕೈ ಬೆಳೆದ ಮೇಲೆ ಕಾಲು ಬೆಳೆಯುವುದಿಲ್ಲ, ಒಟ್ಟಿಗೇ ಬೆಳೆಯುತ್ತವೆ.

ಹತ್ತು ವರ್ಷ ಆಯ್ತು, ಸಿಟ್ಟು ಮಾತ್ರ ಹೋಗಿಲ್ಲ.

ನಿಮ್ಮನ್ನಲ್ಲ, ಮನೆಯವರನ್ನು ಕೇಳಬೇಕು. ಹೀಗೆ ಹೇಳಿದವರೊಬ್ಬರ ಹೆಂಡತಿ, "ಮೊದಲು ಎರಡು ದಿನ ಮಾತು ಬಿಡ್ತಿದ್ರು, ಈಗ ಆಸರಿಗೆ (ಚಹಾ) ಹೊತ್ತಿಗೆ ಸರಿಯಾಗ್ತದೆ" ಅಂದರು. ಸಿಟ್ಟು ಬರುವುದು ನಿಲ್ಲದಿದ್ದರೂ ಉಳಿಯುವ ಹೊತ್ತು ಕಡಿಮೆಯಾಗಿದೆ. ನನಗೆ ಅದು ಸಣ್ಣದು ಅನ್ನಿಸುವುದಿಲ್ಲ.

ಕುಂಡಲಿನಿ, ಸಿದ್ಧಿ ಇದೆಲ್ಲ ನಿಜನಾ?

ಯೋಗಸೂತ್ರದ ಮೂರನೇ ಪಾದದ, ಅಂದರೆ ಅಧ್ಯಾಯದ, ಹೆಸರೇ ವಿಭೂತಿಪಾದ, ಅಲ್ಲಿ ಸಿದ್ಧಿಗಳ, ಅಂದರೆ ಅಸಾಮಾನ್ಯ ಶಕ್ತಿಗಳ, ದೊಡ್ಡ ಪಟ್ಟಿಯೇ ಇದೆ. ಅದೇ ಪಾದದಲ್ಲಿ, ಇವು ಸಮಾಧಿಗೆ ಅಡ್ಡಿ ಅಂತಲೂ ಇದೆ. ಜನ ಪಟ್ಟಿ ಓದುತ್ತಾರೆ, ಆ ಸಾಲು ಬಿಡುತ್ತಾರೆ. ಧ್ಯಾನದಲ್ಲಿ ಬೆಳಕು ಕಂಡರೆ ಕಾಣಲಿ, ಉಸಿರಿಗೆ ವಾಪಸ್ ಬನ್ನಿ. ನಿದ್ದೆ ಕೆಟ್ಟರೆ, ಹೆದರಿಕೆ ಹತ್ತಿದರೆ ಅಭ್ಯಾಸ ನಿಲ್ಲಿಸಿ ವೈದ್ಯರನ್ನು ಕಾಣಿ. ಕುಂಡಲಿನಿ ಅಂದರೆ ಬೆನ್ನುಮೂಳೆಯ ಬುಡದಲ್ಲಿ ಮಲಗಿದೆ ಅಂತ ಹೇಳುವ ಶಕ್ತಿ. ದುಡ್ಡಿಗೆ ಅದನ್ನು ಎಬ್ಬಿಸುತ್ತೇನೆ ಅಂದವರಿಂದ ದೂರ ಇರಿ.

ಧ್ಯಾನಕ್ಕೆ ಕೂತ್ರೆ ನಿದ್ದೆ ಬಂದುಬಿಡ್ತದೆ. ಎಂತ ಮಾಡೋದು?

ಮೊದಲು ರಾತ್ರಿ ಎಷ್ಟು ಹೊತ್ತು ಮಲಗುತ್ತೀರಿ ನೋಡಿ. ನಿದ್ದೆ ಸಾಲ ಇದ್ದರೆ ಮೈ ಸಿಕ್ಕಿದಲ್ಲಿ ವಸೂಲಿ ಮಾಡುತ್ತದೆ, ಆಗ ಮಲಗುವುದೇ ಸರಿ. ನಿದ್ದೆ ಸಾಕಷ್ಟಾಗಿಯೂ ತೂಗಿದರೆ ಕಣ್ಣು ಅರ್ಧ ತೆರೆದು ನೆಲ ನೋಡುತ್ತಾ ಕೂರಿ. ಗೋಡೆಗೆ ಒರಗಬೇಡಿ. ಇಪ್ಪತ್ತು ನಿಮಿಷದ ಬದಲು ಏಳು ನಿಮಿಷ ಕೂರಿ. ಆಗಲೂ ತೂಗಿದರೆ ಎದ್ದು ಅಂಗಳದಲ್ಲಿ ಬರಿಗಾಲಲ್ಲಿ ನಿಧಾನ ನಡೆಯಿರಿ, ಹಿಮ್ಮಡಿ, ಅಂಗಾಲು, ಬೆರಳು ಅಂತ ಗಮನ ಇಡಿ. ಊಟಕ್ಕೆ ಎರಡು ಲೋಟ ಮಾವಿನಕಾಯಿಯ ಅಪ್ಪೆಹುಳಿ ಇಳಿಸಿ ಮಧ್ಯಾಹ್ನ ಎರಡು ಗಂಟೆಗೆ ಧ್ಯಾನಕ್ಕೆ ಕೂರುವವರು ಮಾತ್ರ ನನ್ನನ್ನು ಕೇಳಬೇಡಿ. ಆ ಹೊತ್ತಿಗೆ ನಾನೂ ಮಲಗಿರುತ್ತೇನೆ.